ಹೆಸರು ಬರೆದಿಟ್ಟ ಕಾಗದ: ಯುರೋಪಿನ ರೋಮಾ ಜನರ ಕಥಿ



ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡ್ರಿ ಎಂದು ಹುಡುಗರು ಮನೆಗೆ ಬಂದಾಗ, ಪ್ರತಿ ವರ್ಷದಂತೆ ಮಹಾಡದ ಕೆರೆಯ ಬಗ್ಗೆ, ಭೀಮಾ ಕೋರೇಗಾವದ ಬಗ್ಗೆ ಬರೆಯಬಹುದಿತ್ತು. ಅವು ನಿಮಗೆ ಬಾಯಿಪಾಠ ಅವ. ಈ ಸಲ ದೂರದ ಯುರೋಪಿನ ಕಥಿ ಹೇಳತೀನಿ ಅಂದೆ. "ಅಲ್ಲಿ ಬಿಳೇ ಮಂದಿ ಇತಿಹಾಸ ತಗೊಂಡು ನಾವೇನು ಮಾಡೂಣ್ರಿ ಮಾಸ್ತರ?" ಅಂತ ಒಬ್ಬಾಂವ ನಕ್ಕ. ಬಿಳೇ ಮಂದಿದಲ್ಲೋ ತಮ್ಮಾ, ಅವರ ನಡುವೆ ಸಾವಿರ ವರ್ಷ ಕರಿಯರು ಅನ್ನಿಸಿಕೊಂಡು ಬದುಕಿದವರದು ಅಂದೆ. ಅವನೇ ಕುರ್ಚಿ ಎಳೆದುಕೊಂಡು ಕೂತ.

ಮೊದಲು ಸುದ್ದಿಯಿಂದಲೇ ಶುರು ಮಾಡೋಣ. 2018ರ ಜೂನ್ ತಿಂಗಳಲ್ಲಿ ಇಟಲಿ ದೇಶದ ಗೃಹಮಂತ್ರಿ ಮತ್ತೇವೋ ಸಾಲ್ವಿನಿ ಒಂದು ಮಾತು ಹೇಳಿದರು. ದೇಶದಲ್ಲಿರುವ ರೋಮಾ ಜನರನ್ನೆಲ್ಲ ಎಣಿಸಬೇಕು, ಪಟ್ಟಿ ಮಾಡಬೇಕು, ಪರದೇಶದವರನ್ನು ಹೊರಗೆ ಹಾಕಬೇಕು. ಇಟಲಿಯ ಪೌರರೇ ಆಗಿರುವ ರೋಮಾಗಳನ್ನು ಮಾತ್ರ ದುರ್ದೈವದಿಂದ ಇಟ್ಟುಕೊಳ್ಳಬೇಕಾಗುತ್ತದೆ ಎಂದೂ ಸೇರಿಸಿದರು. ಗದ್ದಲವಾಯಿತು, ಮಾತು ತಿರುಗಿಸಿದರು. ಆದರೆ ಅದಕ್ಕೆ ಹತ್ತು ವರ್ಷ ಮೊದಲು, 2008ರಲ್ಲಿ, ಅದೇ ದೇಶದ ಸರಕಾರ ರೋಮಾ ವಸ್ತಿಗಳನ್ನು 'ತುರ್ತು ಪರಿಸ್ಥಿತಿ' ಎಂದು ಘೋಷಿಸಿ, ರೋಮ್, ಮಿಲಾನ್, ನೇಪಲ್ಸ್ ಊರುಗಳ ಗುಡಿಸಲು-ತಗಡಿನ ಮನೆಗಳಿಗೆ ಪೊಲೀಸರನ್ನು ಕಳಿಸಿ ಬೆರಳಚ್ಚು ತಗೊಂಡಿತ್ತು. ಸಣ್ಣ ಮಕ್ಕಳ ಬೆರಳೂ ಶಾಯಿಯಲ್ಲಿ ಅದ್ದಿದ್ದವು. ಆ ಘೋಷಣೆಯೇ ಕಾಯ್ದೆಬಾಹಿರ ಎಂದು ಅಲ್ಲಿನ ವರಿಷ್ಠ ಆಡಳಿತ ನ್ಯಾಯಾಲಯ ಹೇಳುವಷ್ಟರಲ್ಲಿ 2011 ಮುಗಿಯಲಿಕ್ಕೆ ಬಂದಿತ್ತು.

ಇಟಲಿ ಒತ್ತಟ್ಟಿಗಿರಲಿ. ಎಲ್ಲರೂ ಹೊಗಳುವ ಸ್ವೀಡನ್ ನೋಡ್ರಿ. 2013ರಲ್ಲಿ ಅಲ್ಲಿಯ ಒಂದು ದಿನಪತ್ರಿಕೆ ಸುದ್ದಿ ಹೊರಗೆ ತಂದಿತು: ದಕ್ಷಿಣದ ಸ್ಕೋನೆ ಪ್ರಾಂತದ ಪೊಲೀಸರು 4,000ಕ್ಕೂ ಹೆಚ್ಚು ರೋಮಾ ಜನರ ವಂಶವೃಕ್ಷ ಬರೆದಿಟ್ಟುಕೊಂಡಿದ್ದಾರೆ. ಯಾರ ಮಗ ಯಾರು, ಯಾರ ಹೆಂಡತಿ ಯಾರು, ಎಲ್ಲ. ಅದರಲ್ಲಿ ಹೆಚ್ಚಿನವರ ಮೇಲೆ ಒಂದು ಗುನ್ಹೆಯೂ ಇರಲಿಲ್ಲ. ಎರಡು ವರ್ಷದ ಕೂಸಿನ ಹೆಸರಿತ್ತು, ಸತ್ತುಹೋದವರ ಹೆಸರೂ ಇತ್ತು. ಹನ್ನೊಂದು ಮಂದಿ ಕೋರ್ಟಿಗೆ ಹೋದರು, ಗೆದ್ದರು. ಇವರನ್ನು ಬರೆದಿಟ್ಟದ್ದಕ್ಕೆ ಇವರ ಕುಲ ಬಿಟ್ಟರೆ ಬೇರೆ ಕಾರಣ ಇಲ್ಲ ಎಂದು ಕೋರ್ಟು ಹೇಳಿತು.

ಯಾರು ಈ ಮಂದಿ?

ಯುರೋಪಿನವರು ಇವರನ್ನು ಜಿಪ್ಸಿ, ಚಿಗಾನ್, ತ್ಸಿಗೊಯ್ನರ್ ಎಂದು ಕರೆದರು. ಮೊದಲಿನದು 'ಈಜಿಪ್ತಿನವರು' ಎಂಬ ತಪ್ಪು ತಿಳುವಳಿಕೆಯಿಂದ ಬಂದದ್ದು, ಉಳಿದವು ನಮ್ಮ ಕಡೆಯ ಜಾತಿಬೈಗುಳದ ಹಾಗೆ ಕೇಳುವ ಹೆಸರುಗಳು. ಅವರು ತಮ್ಮನ್ನು ರೋಮಾ ಎನ್ನುತ್ತಾರೆ. ಜರ್ಮನಿಯ ಹಳೆಯ ಮನೆತನಗಳವರು ಸಿಂತಿ ಎನ್ನುತ್ತಾರೆ. 1780ರ ದಶಕದಲ್ಲಿ ಜರ್ಮನ್ ಪಂಡಿತರು ಅವರ ಭಾಷೆಯನ್ನು ಕೂತು ಕೇಳಿ, ಇದು ಹಿಂದುಸ್ಥಾನದ ಭಾಷೆ ಎಂದು ತೋರಿಸಿದರು. ಇದನ್ನು ಪರೀಕ್ಷೆ ಮಾಡಲಿಕ್ಕೆ ನಿಮಗೆ ಪಂಡಿತರು ಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಪ್ಯಾಟಿಯಲ್ಲಿ ಮರಾಠಿ ಆಡುವ ನಮ್ಮ ಅಕ್ಕಲಕೋಟ-ಸೋಲಾಪುರದ ಕಿವಿಯೇ ಸಾಕು. ರೋಮಾನಿಯಲ್ಲಿ ನೀರಿಗೆ 'ಪಾನಿ', ಕಿವಿಗೆ 'ಕಾನ್', ಮೂಗಿಗೆ 'ನಾಖ್', ಮನುಷ್ಯನಿಗೆ 'ಮನುಶ್', ಕರಿಯನಿಗೆ 'ಕಾಲೋ', ಎರಡು-ಮೂರು ಎಣಿಸಿದರೆ 'ದುಯಿ, ತ್ರಿನ್'. ಏಳು, ಎಂಟು, ಒಂಬತ್ತು ಮಾತ್ರ ಗ್ರೀಕ್. ಅಂದ್ರ, ನಡೆದ ದಾರಿ ಬಾಯಾಗ ಉಳಿದದ. ಸಾವಿರ ವರ್ಷದ ಹಿಂದೆ ಉತ್ತರ ಹಿಂದುಸ್ಥಾನ ಬಿಟ್ಟು, ಇರಾನ, ಅರ್ಮೇನಿಯಾ ದಾಟಿ, ಗ್ರೀಕರ ನಾಡಿನಲ್ಲಿ ಬಹಳ ಕಾಲ ನಿಂತು, ಅಲ್ಲಿಂದ ಯುರೋಪಿನ ತುಂಬ ಹರಡಿದರು.

'ರೋಮ್' ಎಂಬ ಶಬ್ದ ಎಲ್ಲಿಂದ ಬಂತು? 'ಡೋಮ್' ಎಂಬುದರಿಂದ ಎಂದು ಭಾಷಾಪಂಡಿತರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಡೋಮ್ ಯಾರು? ಕಾಶಿಯಲ್ಲಿ ಹೆಣ ಸುಡುವವರು, ಬುಟ್ಟಿ ಹೆಣೆಯುವವರು, ಇವತ್ತಿಗೂ ಉತ್ತರದ ರಾಜ್ಯಗಳ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವವರು. ಇಷ್ಟು ಹೇಳಿದ ಕೂಡಲೇ ನಮ್ಮ ಕೆಲವು ಭಾಷಣಕಾರರು 'ರೋಮಾ ಅಂದ್ರ ನಮ್ಮ ಕಳೆದುಹೋದ ದಲಿತ ತಮ್ಮಂದಿರು' ಎಂದು ಕೈ ಎತ್ತಿಬಿಡುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಸಾವಿರ ವರ್ಷದಲ್ಲಿ ರಕ್ತ, ಕಸುಬು, ದೇವರು ಎಲ್ಲ ಬೆರೆತಿರುತ್ತವೆ. ನನಗೆ ಹೆಚ್ಚು ಮುಟ್ಟುವುದು ಬೇರೆ ಮಾತು: 2016ರಲ್ಲಿ ದಿಲ್ಲಿಯಲ್ಲಿ ಅಂತರರಾಷ್ಟ್ರೀಯ ರೋಮಾ ಸಮ್ಮೇಳನ ನಡೆದಾಗ ನಮ್ಮ ವಿದೇಶಾಂಗ ಮಂತ್ರಿಗಳು ಅವರನ್ನು ಭಾರತದ ಮಕ್ಕಳು ಎಂದು ಪ್ರೀತಿಯಿಂದ ಕರೆದರು. ಕರೆಯಲಿ, ಸಂತೋಷ. ಅದೇ ಹೆಸರಿನವರು ಇಲ್ಲೇ, ಗಂಗೆಯ ದಂಡೆಯ ಮೇಲೆ ಇದ್ದಾರಲ್ಲ, ಅವರನ್ನು ಯಾವ ಹೆಸರಿನಿಂದ ಕರೀತಾರ ಅನ್ನೋದು ನಿಮಗ ಗೊತ್ತದ.

ಇನ್ನು ಇತಿಹಾಸ. ಇವತ್ತಿನ ರುಮೇನಿಯಾ ಇರುವಲ್ಲಿ ಆಗ ವಲಾಖಿಯಾ, ಮೊಲ್ದಾವಿಯಾ ಎಂಬ ಎರಡು ಸಂಸ್ಥಾನಗಳಿದ್ದವು. 1385ರ ಒಂದು ದಾನಪತ್ರ ಸಿಕ್ಕಿದೆ. ವಲಾಖಿಯಾದ ದೊರೆ ತಿಸ್ಮಾನಾ ಎಂಬ ಮಠಕ್ಕೆ ಕೆಲವು ಊರು, ಗಿರಣಿಗಳ ಜೊತೆಗೆ ನಲವತ್ತು ರೋಮಾ ಮನೆತನಗಳನ್ನೂ ಬರೆದುಕೊಟ್ಟ ಕಾಗದ ಅದು. ಆ ನಾಡಿನಲ್ಲಿ ಅವರ ಬಗ್ಗೆ ಸಿಗುವ ಮೊದಲ ಬರಹವೇ ಅವರನ್ನು ದಾನ ಕೊಟ್ಟ ಬರಹ. ಅಲ್ಲಿಂದ ಮುಂದೆ ನಾಲ್ಕೂವರೆ ಶತಮಾನ ಅವರು ಗುಲಾಮರು. ಕೆಲವರು ದೊರೆಯ ಆಸ್ತಿ, ಕೆಲವರು ಮಠದ ಆಸ್ತಿ, ಕೆಲವರು ಜಮೀನುದಾರರ ಆಸ್ತಿ. ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಗುಲಾಮ. ಕಮ್ಮಾರರು, ಮರದ ಸೌಟು ಕೆತ್ತುವವರು, ಹೊಳೆಯ ಉಸುಕಿನಲ್ಲಿ ಬಂಗಾರ ಜಾಲಿಸುವವರು, ಕರಡಿ ಆಡಿಸುವವರು ಎಂದು ಕಸುಬಿನ ಮೇಲೆ ಹೆಸರು ಬಿದ್ದು, ಆ ಹೆಸರೇ ಕುಲವಾಯಿತು. ಈ ಸಾಲು ಓದುವಾಗ ನಮ್ಮ ಊರ ಬಲುತೇದಾರಿ ನಿಮ್ಮ ಕಣ್ಣಮುಂದೆ ಬಂದಿದ್ದರೆ ಅದು ನನ್ನ ತಪ್ಪಲ್ಲ.

ಬಿಡುಗಡೆ ಒಮ್ಮೆಲೇ ಆಗಲಿಲ್ಲ. 1843ರಲ್ಲಿ ವಲಾಖಿಯಾ ಸರಕಾರದ ಗುಲಾಮರು, ಆಮೇಲೆ ಮಠಗಳವರು, 1855ರ ಕೊನೆಗೆ ಮೊಲ್ದಾವಿಯಾದ ಖಾಸಗಿ ಗುಲಾಮರು, 1856ರ ಫೆಬ್ರುವರಿ 20ಕ್ಕೆ ವಲಾಖಿಯಾದ ಖಾಸಗಿ ಗುಲಾಮರು. ಸರಕಾರ ಪರಿಹಾರವನ್ನೂ ಕೊಟ್ಟಿತು. ಯಾರಿಗೆ? ಮಾಲಕರಿಗೆ. ಒಂದೊಂದು ತಲೆಗೆ ಇಷ್ಟು ಬಂಗಾರದ ನಾಣ್ಯ ಎಂದು ಲೆಕ್ಕ ಹಾಕಿ ಕೊಟ್ಟರು. ಆ ತಲೆಗಳ ಪಾಲಿಗೆ ಒಂದು ಗೇಣು ಹೊಲವೂ ಬರಲಿಲ್ಲ. ಬಹಳ ಮಂದಿ ಅದೇ ಒಡೆಯರ ಹೊಲದಂಚಿಗೆ ಗುಡಿಸಲು ಹಾಕಿದರು, ಊರಿನಿಂದ ಸ್ವಲ್ಪ ದೂರ.

ಗುಲಾಮಗಿರಿ ಹೋದ ಮೇಲೆ ಬಂದದ್ದು ರಜಿಸ್ಟರು. 1899ರಲ್ಲಿ ಜರ್ಮನಿಯ ಮ್ಯೂನಿಕ್ ಪೊಲೀಸರು ಜಿಪ್ಸಿಗಳ ಮೇಲೆ ಕಣ್ಣಿಡಲಿಕ್ಕೆಂದೇ ಒಂದು ಕಚೇರಿ ತೆರೆದರು. 1905ರಲ್ಲಿ ಅಲ್ಲಿಂದ ಒಂದು ಪುಸ್ತಕ ಅಚ್ಚಾಗಿ ಠಾಣೆ ಠಾಣೆಗೆ ಹೋಯಿತು. ಅದರಲ್ಲಿ 3,000ಕ್ಕೂ ಹೆಚ್ಚು ಜನರ ವಿವರ. ಫ್ರಾನ್ಸಿನಲ್ಲಿ 1912ರ ಕಾಯ್ದೆ ಪ್ರಕಾರ ಅಲೆಮಾರಿಗಳಲ್ಲಿ ಹದಿಮೂರು ದಾಟಿದ ಪ್ರತಿಯೊಬ್ಬರೂ ಒಂದು ದಪ್ಪ ಪುಸ್ತಕ ಹೊತ್ತು ತಿರುಗಬೇಕು. ಅದರಲ್ಲಿ ತಲೆಯ ಅಳತೆ, ಕಿವಿಯ ಉದ್ದ, ಬೆರಳಚ್ಚು, ಎರಡು ಕಡೆಯಿಂದ ತೆಗೆದ ಫೋಟೊ. ಊರಿಗೆ ಬಂದಾಗ ಒಂದು ಶಿಕ್ಕೆ, ಬಿಡುವಾಗ ಒಂದು ಶಿಕ್ಕೆ. 1969ರಲ್ಲಿ ಪುಸ್ತಕ ಸಣ್ಣದಾಯಿತು, ಹೋಗಲಿಲ್ಲ. ಪೂರ್ತಿ ಹೋದದ್ದು 2017ರಲ್ಲಿ. ಹೌದು, ನಿಮ್ಮ ಕೈಗೆ ಸ್ಮಾರ್ಟ್‌ಫೋನ್ ಬಂದ ಮೇಲೆ!

ಫ್ರಾನ್ಸಿನ ಆ ಕಾಯ್ದೆಗಿಂತ ಒಂದು ವರ್ಷ ಮೊದಲು, 1911ರಲ್ಲಿ, ಇಂಗ್ರಜರು 1871ರ ತಮ್ಮ 'ಗುನ್ಹೇಗಾರ ಜಮಾತಿ' ಕಾಯ್ದೆಯನ್ನು ಹಿಂದುಸ್ಥಾನಕ್ಕೆಲ್ಲ ಹಬ್ಬಿಸಿದರು. ಸೋಲಾಪುರದಲ್ಲಿ 'ಸೆಟಲ್ಮೆಂಟ್' ಎಂದು ಇವತ್ತಿಗೂ ರಿಕ್ಷಾದವರು ಕರೆಯುವ ಜಾಗ ಇದೆಯಲ್ಲ, ಅದು ಆ ಕಾಯ್ದೆಯ ಉಳಿಕೆ. ತಂತಿಬೇಲಿಯ ಒಳಗೆ ಪಾರಧಿ, ಕೈಕಾಡಿ, ಭಾಮಟಾ ಮೊದಲಾದವರನ್ನಿಟ್ಟು, ಹಾಜರಿ ಕೂಗಿ, ಗಿರಣಿಯ ದುಡಿತಕ್ಕೆ ಬಿಡುತ್ತಿದ್ದರು. ಹುಟ್ಟಿದ ಕೂಸೇ ಗುನ್ಹೇಗಾರ. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಮ್ಯೂನಿಕ್ಕಿನ ಸಾಹೇಬ, ಪ್ಯಾರಿಸಿನ ಸಾಹೇಬ, ಮುಂಬಯಿ ಇಲಾಖೆಯ ಸಾಹೇಬ ಮೂವರೂ ಒಂದೇ ಕಾಲದಲ್ಲಿ ಒಂದೇ ನಮೂನೆಯ ಪುಸ್ತಕ ತೆರೆದು ಕೂತಿದ್ದರು.

ಹಿಟ್ಲರ್ ಬಂದಾಗ ಹೊಸದಾಗಿ ಹುಡುಕುವ ಕೆಲಸವೇ ಬೀಳಲಿಲ್ಲ, ಪಟ್ಟಿ ತಯಾರಿತ್ತು. 1936ರಿಂದ ರಾಬರ್ಟ್ ರಿಟ್ಟರ್ ಎಂಬ ಡಾಕ್ಟರು ಅದನ್ನು 'ವಿಜ್ಞಾನ' ಮಾಡಿದ. ಅವನ ತಂಡ ವಸ್ತಿ ವಸ್ತಿಗೆ ಹೋಗಿ ತಲೆ ಅಳೆಯಿತು, ರಕ್ತ ತಗೊಂಡಿತು, ಮುಖದ ಅಚ್ಚು ತೆಗೆಯಿತು, ಅಜ್ಜ-ಮುತ್ತಜ್ಜರ ಹೆಸರು ಕೇಳಿ ಗೋಡೆಯಷ್ಟು ಉದ್ದದ ವಂಶವೃಕ್ಷ ಬರೆಯಿತು. ಸುಮಾರು 24,000 ಜನರ ಮೇಲೆ 'ಶುದ್ಧ', 'ಮಿಶ್ರ' ಎಂದು ಷರಾ ಬರೆದರು. ರಿಟ್ಟರನ ಸಹಾಯಕಿ ಏವಾ ಜಸ್ಟಿನ್ ರೋಮಾನಿ ಭಾಷೆಯನ್ನೇ ಕಲಿತಿದ್ದಳು. ನಮ್ಮ ಭಾಷೆ ಆಡತಾಳ, ನಮ್ಮಾಕಿನೇ ಅಂತ ಮುದುಕಿಯರು ಮನೆಯ ಮಾತೆಲ್ಲ ಹೇಳಿದರು.

ಮುಲ್‌ಫಿಂಗೆನ್ ಎಂಬ ಊರಿನ ಕ್ರೈಸ್ತ ಅನಾಥಾಲಯದಲ್ಲಿ, ತಂದೆ-ತಾಯಿಯಿಂದ ಕಿತ್ತುತಂದ ಸಿಂತಿ ಮಕ್ಕಳನ್ನು ಇಟ್ಟಿದ್ದರು. ಏವಾ ಜಸ್ಟಿನ್ ಆ ಮಕ್ಕಳ ಜೊತೆ ಆಟ ಆಡಿ, ಮಣಿ ಪೋಣಿಸಲಿಕ್ಕೆ ಕೊಟ್ಟು, ತನ್ನ ಪಿಎಚ್‌ಡಿ ಬರೆದಳು. ಪ್ರಬಂಧ ಆಗುವ ತನಕ ಮಕ್ಕಳು ಉಳಿದರು. ಅದು ಮುಗಿದ ಮೇಲೆ, 1944ರ ಮೇ ತಿಂಗಳಲ್ಲಿ, 39 ಮಕ್ಕಳನ್ನು ಪ್ರವಾಸಕ್ಕೆ ಎಂದು ಹೇಳಿ ಆಶ್ವಿಟ್ಜ್‌ಗೆ ಒಯ್ದರು. ಬದುಕಿ ಬಂದವರು ನಾಲ್ಕು ಮಂದಿ. ಆಶ್ವಿಟ್ಜ್‌ನಲ್ಲಿ ರೋಮಾಗಳಿಗೆಂದೇ ಒಂದು ಭಾಗ ಇತ್ತು. ಸುಮಾರು 23,000 ಜನರನ್ನು ಅಲ್ಲಿ ತುಂಬಿದ್ದರು. ಉಳಿದಿದ್ದ ಸುಮಾರು 4,300 ಜನರನ್ನು, ಹೆಂಗಸರು, ಮಕ್ಕಳು, ಮುದುಕರನ್ನು, 1944ರ ಆಗಸ್ಟ್ 2ರ ಒಂದೇ ರಾತ್ರಿ ವಿಷದ ಗಾಳಿಗೆ ಹಾಕಿದರು. ಇಡೀ ಯುರೋಪಿನಲ್ಲಿ ಸತ್ತವರ ಅಂದಾಜು ಎರಡೂವರೆ ಲಕ್ಷದಿಂದ ಐದು ಲಕ್ಷ.

ಇಲ್ಲಿಯವರೆಗಿನದು ನೀವು ಎಲ್ಲಾದರೂ ಕೇಳಿರಬಹುದು. ನನ್ನ ನಿದ್ದೆ ಕೆಡಿಸಿದ್ದು ಯುದ್ಧ ಮುಗಿದ ಮೇಲಿನ ಕಥಿ. ರಿಟ್ಟರ್‌ಗೂ ಏವಾ ಜಸ್ಟಿನ್‌ಗೂ ಫ್ರಾಂಕ್‌ಫರ್ಟ್ ನಗರದ ಆರೋಗ್ಯ ಖಾತೆಯಲ್ಲಿ ನೌಕರಿ ಸಿಕ್ಕಿತು. ಇಬ್ಬರಿಗೂ ಶಿಕ್ಷೆ ಆಗಲಿಲ್ಲ. ಬದುಕಿ ಬಂದ ಸಿಂತಿಗಳು ಪರಿಹಾರಕ್ಕೆ ಅರ್ಜಿ ಹಾಕಿದಾಗ 1956ರ ಜನವರಿಯಲ್ಲಿ ಜರ್ಮನಿಯ ಅತ್ಯುಚ್ಚ ಕೋರ್ಟು ತೀರ್ಪು ಕೊಟ್ಟಿತು: 1940ರಲ್ಲಿ ಇವರನ್ನು ಸಾಗಿಸಿದ್ದು ಕುಲದ ಕಾರಣಕ್ಕಲ್ಲ, ಇವರ ನಡತೆಯೇ ಹಾಗಿತ್ತು, ಕಳವು ಇವರ ಸ್ವಭಾವ. ಅದೇ ಕೋರ್ಟಿನ ಅಧ್ಯಕ್ಷೆ ಆ ತೀರ್ಪಿಗೆ ನಾಚಿಕೆ ಪಡಬೇಕು ಎಂದದ್ದು ಸುಮಾರು ಅರವತ್ತು ವರ್ಷದ ಮೇಲೆ. ಅಷ್ಟೇ ಅಲ್ಲ, ಬವೇರಿಯಾದ ಪೊಲೀಸರು ಹೆಸರು ಬದಲಿಸಿ, 'ಅಲೆಮಾರಿಗಳ ಕೇಂದ್ರ' ಎಂದು ಬೋರ್ಡು ಹಾಕಿ, ಅವೇ ಹಳೆಯ ಫೈಲುಗಳನ್ನು 1970ರ ತನಕ ಬಳಸಿದರು. ಹಿಡಿಯಲಿಕ್ಕೆ ಫೈಲು ಇತ್ತು. ಪರಿಹಾರ ಕೇಳಲಿಕ್ಕೆ ಬಂದವನಿಗೆ 'ನಿನ್ನ ದಾಖಲಾ ಎಲ್ಲೈತಿ?'

ಇದನ್ನು ಮುರಿದವರು ಪಂಡಿತರೂ ಅಲ್ಲ, ಮಂತ್ರಿಗಳೂ ಅಲ್ಲ. 1980ರ ಈಸ್ಟರ್ ಹಬ್ಬದ ಹೊತ್ತಿಗೆ ಹನ್ನೆರಡು ಮಂದಿ ಸಿಂತಿಗಳು ಡಾಖಾವ್ ಎಂಬ ಹಳೆಯ ಯಾತನಾ ಶಿಬಿರದ ಜಾಗದಲ್ಲಿ ಅನ್ನ ಬಿಟ್ಟು ಕೂತರು. ಅವರಲ್ಲಿ ಶಿಬಿರಗಳಿಂದ ಬದುಕಿ ಬಂದ ಮುದುಕರಿದ್ದರು. ಅವರು ಕೇಳಿದ ಮಾತುಗಳಲ್ಲಿ ಒಂದು: ನಮ್ಮ ಹೆಸರಿನ ಫೈಲು ಎಲ್ಲಿವೆ, ಹೇಳ್ರಿ. ಮುಂದಿನ ವರ್ಷ ಗೊತ್ತಾಯಿತು, ರಿಟ್ಟರನ ಕಾಗದಗಳ ದೊಡ್ಡ ಗಂಟು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರ ಬಳಕೆಗೆ ಬಿದ್ದಿದೆ. 1981ರ ಸೆಪ್ಟೆಂಬರ್ 1ರಂದು ಹದಿನೆಂಟು ಮಂದಿ ಸಿಂತಿಗಳು ಆ ವಿಶ್ವವಿದ್ಯಾಲಯದ ದಫ್ತರಖಾನೆಯ ನೆಲಮಾಳಿಗೆಗೆ ಹೋಗಿ ಕೂತುಬಿಟ್ಟರು. ಕಾಗದ ಕೊಡ್ರಿ, ಇಲ್ಲಾ ಅಂದ್ರ ಏಳಂಗಿಲ್ಲ. ಕಾಗದಗಳು ಅಲ್ಲಿಂದ ಹೊರಬಿದ್ದು ಕೊಬ್ಲೆನ್ಜ್‌ನ ರಾಷ್ಟ್ರೀಯ ದಫ್ತರಖಾನೆಗೆ ಹೋದವು. 1982ರ ಮಾರ್ಚ್‌ನಲ್ಲಿ ಚಾನ್ಸಲರ್ ಹೆಲ್ಮುಟ್ ಸ್ಮಿತ್, ಇದು ಕುಲದ ಕಾರಣಕ್ಕೆ ನಡೆದ ನರಮೇಧವೇ ಎಂದು ಒಪ್ಪಿದರು. ಕೊಲ್ಲಲಿಕ್ಕೆ ಬರೆದ ಕಾಗದವೇ ಕೊಂದದ್ದಕ್ಕೆ ಸಾಕ್ಷಿ ಹೇಳಿತು.

ಈಗ ಚೆಕ್ ದೇಶದ ಲೆಟಿ ಎಂಬ ಹಳ್ಳಿಗೆ ಬರೋಣ. ಇದರ ಸುದ್ದಿ ತೀರಾ ಇತ್ತೀಚಿನದು. 1942-43ರಲ್ಲಿ ಅಲ್ಲಿ ರೋಮಾಗಳ ಶಿಬಿರ ಇತ್ತು. ಕಾವಲು ಇದ್ದವರು ಜರ್ಮನರಲ್ಲ, ಚೆಕ್ ಪೊಲೀಸರು. ಸುಮಾರು 1,300 ಜನ ಒಳಗೆ ಹೋದರು. 300ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು, ಬಹಳಷ್ಟು ಮಕ್ಕಳು. 500ಕ್ಕೂ ಹೆಚ್ಚು ಜನ ಅಲ್ಲಿಂದ ಆಶ್ವಿಟ್ಜ್‌ಗೆ ಹೋದರು. 1970ರ ದಶಕದಲ್ಲಿ ಆ ಜಾಗದ ಮೇಲೆ ಸರಕಾರ ಏನು ಕಟ್ಟಿತು ಗೊತ್ತೇನು? ಹಂದಿ ಸಾಕುವ ಫಾರ್ಮು. ಸುಮಾರು ಹದಿಮೂರು ಸಾವಿರ ಹಂದಿ. ಸತ್ತವರ ನೆನಪಿಗೆ ಹೂ ಇಡಲಿಕ್ಕೆ ಬಂದವರು ಆ ನಾತದಲ್ಲೇ ನಿಲ್ಲಬೇಕು.

ಚೆನ್ಯೆಕ್ ರೂಜಿಚ್ಕಾ ಎಂಬವರ ತಾಯಿ ಆ ಶಿಬಿರದಲ್ಲಿ ಇದ್ದವರು. 1990ರ ದಶಕದಿಂದ ಅವರು ಒಂದೇ ಮಾತು ಹಿಡಿದರು, ಹಂದಿ ತೆಗೀರಿ. ರೊಕ್ಕ ಇಲ್ಲ ಅಂದರು, ಮಾಲಕರು ಒಪ್ಪುವುದಿಲ್ಲ ಅಂದರು, ಅದು ಬರೇ ದುಡಿಯುವ ಶಿಬಿರ ಆಗಿತ್ತು ಅಂತಲೂ ದೊಡ್ಡ ಸ್ಥಾನದಲ್ಲಿದ್ದವರು ಅಂದರು. ಇಪ್ಪತ್ತು ವರ್ಷ ವರ್ಷಕ್ಕೊಮ್ಮೆ ಹೋಗಿ ಹೂ ಇಟ್ಟು ಬಂದರು. ಕೊನೆಗೆ ಸರಕಾರ 45 ಕೋಟಿ ಕ್ರೌನ್ ಕೊಟ್ಟು ಫಾರ್ಮು ಕೊಂಡಿತು. 2022ರಲ್ಲಿ ಅದನ್ನು ಕೆಡವಲಿಕ್ಕೆ ಶುರು ಮಾಡಿದರು. ಅದೇ ಡಿಸೆಂಬರ್‌ನಲ್ಲಿ ರೂಜಿಚ್ಕಾ ತೀರಿಕೊಂಡರು. ಸ್ಮಾರಕ ತೆರೆದದ್ದು 2024ರಲ್ಲಿ.

ಸಾಲಿಯ ಮಾತು ಬಿಟ್ಟರೆ ನಾನು ಮಾಸ್ತರನೇ ಅಲ್ಲ. ಅದೇ ಚೆಕ್ ದೇಶದ ಓಸ್ತ್ರಾವಾ ಊರಿನಲ್ಲಿ 1990ರ ದಶಕದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಸಾಲಿಗೆ ಹಾಕುತ್ತಿದ್ದರು. ಬೇರೆ ಮಕ್ಕಳಿಗಿಂತ ರೋಮಾ ಮಗು ಅಲ್ಲಿಗೆ ಹೋಗುವ ಸಾಧ್ಯತೆ 27 ಪಟ್ಟು ಹೆಚ್ಚು. ಪರೀಕ್ಷೆ ಮಾಡೇವಿ, ತಂದೆ-ತಾಯಿ ಸಹಿ ಹಾಕ್ಯಾರ, ಕಾಗದ ಎಲ್ಲ ಸರಿ ಅದಾವ ಎಂದಿತು ಸರಕಾರ. ಹದಿನೆಂಟು ಮಕ್ಕಳ ಪರವಾಗಿ ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಸೋತರು. ಬಿಡಲಿಲ್ಲ. 2007ರ ನವೆಂಬರ್ 13ಕ್ಕೆ ದೊಡ್ಡ ಪೀಠದ ಹದಿನೇಳು ನ್ಯಾಯಾಧೀಶರಲ್ಲಿ ಹದಿಮೂರು ಜನ, ಇದು ಭೇದಭಾವ ಎಂದರು. ಅಷ್ಟರಲ್ಲಿ ಆ ಮಕ್ಕಳು ಮಕ್ಕಳಾಗಿ ಉಳಿದಿರಲಿಲ್ಲ. ತಲೆಗೆ 4,000 ಯೂರೊ ಬಂತು, ಕಳೆದ ವರ್ಷ ಬರಲಿಲ್ಲ. ಹಂಗೇರಿಯ ಜೆಂಜೆಶ್‌ಪಾತಾ ಎಂಬ ಊರಿನಲ್ಲಿ ರೋಮಾ ಮಕ್ಕಳನ್ನು ಬೇರೆ ವರ್ಗದಲ್ಲಿ ಕೂರಿಸಿದ್ದಕ್ಕೆ 2020ರಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟು ಹಣ ಕೊಡ್ರಿ ಎಂದಿತು. ದುಡಿಯದೆ ರೊಕ್ಕ ಸಿಕ್ಕಂಗಾತು ಅಂತ ಪ್ರಧಾನಮಂತ್ರಿಯೇ ಅಸಮಾಧಾನ ತೋಡಿಕೊಂಡರು. ಇಂಥ ಮಾತು ಶಿಷ್ಯವೃತ್ತಿಯ ಹೊತ್ತಿಗೆ ನಮ್ಮ ಹುಡುಗರೂ ಕೇಳಿದ್ದಾರೆ.

ಇನ್ನೊಂದು ಸುದ್ದಿ ಹೇಳಿ ಬಿಡತೀನಿ. ಚೆಕ್ ದೇಶದಲ್ಲಿ ರೋಮಾ ಹೆಂಗಸರಿಗೆ ಹೆರಿಗೆಯ ಹೊತ್ತಿಗೆ, ಓದಿ ಹೇಳದೆ ಸಹಿ ಹಾಕಿಸಿಕೊಂಡು ಗರ್ಭ ನಿಲ್ಲದ ಹಾಗೆ ಆಪರೇಷನ್ ಮಾಡಿದ ಪ್ರಕರಣಗಳು ಬಹಳ. ಆ ತಾಯಂದಿರೇ ಸಂಘಟನೆ ಮಾಡಿಕೊಂಡು ಹೋರಾಡಿ 2021ರಲ್ಲಿ ಪರಿಹಾರದ ಕಾಯ್ದೆ ತರಿಸಿದರು, ಮೂರು ಲಕ್ಷ ಕ್ರೌನ್. ಅರ್ಜಿ ಹಾಕಲಿಕ್ಕೆ ಹೋದರೆ ದವಾಖಾನೆಯ ಕಾಗದ ಬೇಕು. ದವಾಖಾನೆಯವರು ಹಳೆಯ ಕಾಗದ ನಾಶ ಮಾಡಿದ್ದರು. ಎಷ್ಟೋ ಅರ್ಜಿ ಅದೇ ಕಾರಣಕ್ಕೆ ತಿರುಗಿ ಬಂದವು.

ಇದನ್ನು ಓದಿದ ದಿನ ನನಗೆ ನಮ್ಮ ಅಕ್ಕನ ಮಗಳ ವ್ಯಾಲಿಡಿಟಿ ನೆನಪಾಯಿತು. ನಿಮಗೆ ಗೊತ್ತಿದ್ದದ್ದೇ: ಈ ರಾಜ್ಯದಲ್ಲಿ ಎಸ್‌ಸಿ ಎಂದು ತೋರಿಸಲಿಕ್ಕೆ 1950ರ ಆಗಸ್ಟ್ 10ಕ್ಕಿಂತ ಮೊದಲಿನ ಪುರಾವೆ ಕೇಳುತ್ತಾರೆ, ಅಲೆಮಾರಿ-ವಿಮುಕ್ತರಿಗೆ 1961ರ ಮೊದಲಿನದು. ನರ್ಸಿಂಗಿಗೆ ಸೀಟು ಸಿಕ್ಕಿತ್ತು, ಕಾಗದ ಇರಲಿಲ್ಲ. ಮುತ್ತ್ಯಾ ಸಾಲಿಯ ಮೆಟ್ಟಿಲು ಹತ್ತಿದವನಲ್ಲ, ಹತ್ತಿಸಿಕೊಂಡಿರಲಿಲ್ಲ ಅನ್ನಬೇಕು. ಹಿಂಗಾಗಿ ಸಾಲಿ ದಾಖಲಾ ಎಲ್ಲಿಂದ ಬರಬೇಕು? ಒಂದು ಕಚೇರಿಯಲ್ಲಿ ಮೂರು ತಿಂಗಳು ತಿರುಗಿದೆವು. ಕೊನೆಗೆ ಹಳೆಯ ಕೋತವಾಲ ಬುಕ್ಕಿನಲ್ಲಿ ಮುತ್ತ್ಯಾ ಹುಟ್ಟಿದ ಸಾಲು ಸಿಕ್ಕಿತು, ಮೋಡಿ ಅಕ್ಷರದಲ್ಲಿ. ಮೋಡಿ ಬಲ್ಲ ನಿವೃತ್ತರೊಬ್ಬರು ಕನ್ನಡಕ ಏರಿಸಿ ಓದಿದರು: 'ಇಂಥವನಿಗೆ ಗಂಡು,' ಮುಂದೆ ಜಾತಿಯ ಹೆಸರು, ಅವತ್ತು ಊರ ಮಂದಿ ಬೈಯಲಿಕ್ಕೆ ಬಳಸುತ್ತಿದ್ದ ಅದೇ ಶಬ್ದ. ಹುಟ್ಟಿದ-ಸತ್ತ ಸುದ್ದಿ ಚಾವಡಿಗೆ ಓಡಿಹೋಗಿ ಹೇಳುತ್ತಿದ್ದವರು ನಮ್ಮವರೇ, ಬರೆದ ಕೈ ಮಾತ್ರ ಕುಲಕರ್ಣಿಯದು. ಆ ಹುಡುಗಿ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ದಳು. ಅವಳ ಸೀಟು ಆ ಬೈಗುಳದ ಮೇಲೆ ನಿಂತಿತ್ತು.

ಆ ಬುಕ್ಕಿನ ಹಾಳೆ ಮುಟ್ಟಿದರೆ ಪುಡಿ ಆಗುತ್ತವೆ. ಇನ್ನು ಹತ್ತು ಮಳೆಗಾಲ ತಾಳುವುದು ಕಷ್ಟ. ಅದಕ್ಕೇ ಹೋದ ದೀಪಾವಳಿಯಿಂದ ಮಂಡಳದ ನಾಲ್ಕು ಹುಡುಗರು ಮನೆ ಮನೆಗೆ ಹೋಗಿ ಕೇಳುತ್ತಿದ್ದಾರೆ: ಹಳೇ ಸಾತಬಾರಾ, ಸಾಲಿ ದಾಖಲಾ, ಗಿರಣಿಯ ಪಗಾರ ಚೀಟಿ, ಕೋತವಾಲ ಬುಕ್ಕಿನ ನಕಲು, ಏನಿದ್ದರೂ ಫೋಟೊ ತೆಗೆದು ಮರಳಿ ಕೊಡುತ್ತೇವೆ ಎಂದು. ಮೂಲ ಕಾಗದ ಮನೆಯಲ್ಲಿ ಇಡಲಿಕ್ಕೆ ಜಾಗ ಇಲ್ಲದವರಿಗೆ ಸಮಾಜ ಮಂದಿರದಲ್ಲಿ ಒಂದು ತಗಡಿನ ಟ್ರಂಕು ಇದೆ. ಇಲಿ ಹೊಗದ ಹಾಗೆ ಅಡಿಗೆ ತಗಡು ಬಡಿಸಿದ್ದಾರೆ. ಈಗ ಅರ್ಧ ತುಂಬಿದೆ. ಕೀಲಿ ನಮ್ಮ ಖಜಾಂಚಿ ಹುಡುಗಿಯ ಹತ್ತಿರ ಅದ. ಸಂಜೆ ಆರರ ಮೇಲೆ ಹೋದರೆ ಸಿಗತಾಳ.